ಗಿರಣಿ ನಿಲ್ಲಿಸುತ್ತಿದ್ದ ಹೆಂಗಸು

ನಮ್ಮ ಓಣಿಯ ಹಿಟ್ಟಿನ ಗಿರಣಿ ಹೋದ ತಿಂಗಳಿಂದ ಬಾಗಿಲು ಹಾಕಿದೆ. ಅದನ್ನು ನಡೆಸುತ್ತಿದ್ದ ಹೆಂಗಸು, ಓಣಿಗೆಲ್ಲ ಚಾಚಿ, ತೀರಿಕೊಂಡಳು. ಗಜೇಂದ್ರಗಡದ ಈ ಭಾಗದಲ್ಲಿ ಆಕೆಯನ್ನು ಹೊಗಳದವರಿಲ್ಲ. ಮಣ್ಣು ಮಾಡಿದ ದಿನ ಆ ಮಂದಿ ಈ ಮಂದಿ ಎನ್ನದೆ ಎಲ್ಲರೂ ಸೇರಿದ್ದರು. ಹೆಂಗಸರು ಗಿರಣಿಯ ಕಟ್ಟೆಯ ಮೇಲೆ ಕೂತು ಅತ್ತರು. ಮೂರನೆಯ ದಿನ ಓಣಿಯ ನಾಲ್ಕು ಮಂದಿ ನಮ್ಮ ಮನೆಗೆ ಬಂದು, "ಸರ್, ಚಾಚಿ ಬಗ್ಗೆ ಒಂದ ಸಣ್ಣ ಸಭಾ ಮಾಡೂಣ ಅಂತ ಮಾಡೇವಿ. ನೀವ ಮಾತಾಡಬೇಕ್ರಿ" ಎಂದರು. ಸತ್ತವರಿಗಾಗಲಿ ನಿವೃತ್ತರಾದವರಿಗಾಗಲಿ ಈ ಊರಲ್ಲಿ ಮಾತಾಡುವವನು ನಾನೇ. ಆದರೆ ಈ ಸಲ ಬರುವುದಿಲ್ಲ ಎಂದೆ. ನನಗೆ ಆಕೆ ಸೇರುತ್ತಿರಲಿಲ್ಲ, ಸತ್ತಳೆಂದು ಈಗೇನೂ ಸೇರಿಲ್ಲ. ನನ್ನ ಹೆಂಡತಿ ನನಗೆ ಹೇಳಬೇಕಾದ ಮಾತನ್ನೆಲ್ಲ ಇಪ್ಪತ್ತು ವರ್ಷ ಆ ಗಿರಣಿಯಲ್ಲಿ ಹೇಳಿ ಬಂದಳು. ನನ್ನ ತಕರಾರು ಇಷ್ಟೇ, ಮತ್ತು ಇದು ಸಣ್ಣ ತಕರಾರಲ್ಲ. ಸಭೆಯಲ್ಲಿ ಇದನ್ನು ಹೇಳಲಾಗದು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ರೋಣದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿದವನು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಸ್ಸಿನಲ್ಲೂ ಸುಮ್ಮನೆ ಕೂತವನಲ್ಲ. ನನ್ನ ಬೆನ್ನ ಹಿಂದೆ 'ಮೈಕ್ ಮಾಸ್ತರ' ಎನ್ನುತ್ತಿದ್ದರೆಂದು ನನಗೆ ಗೊತ್ತು, ಅದರಲ್ಲಿ ನನಗೆ ಒಳಗೊಳಗೇ ಸಂತೋಷವೂ ಇತ್ತು. ಯಾರಾದರೂ ಒಂದು ಮಾತು ಶುರುಮಾಡಿದರೆ ಅದರ ಕೊನೆ ನನಗೆ ಮೊದಲೇ ಹೊಳೆಯುತ್ತಿತ್ತು. ಅವರಿಗೆ ತ್ರಾಸು ಯಾಕೆಂದು ನಾನೇ ಮುಗಿಸಿಕೊಡುತ್ತಿದ್ದೆ.

ಆಕೆಗೆ ಇದ್ಯಾವುದರ ಕಿಮ್ಮತ್ತೂ ಇರಲಿಲ್ಲ. ಗಂಡ ಹೋದ ಮೇಲೆ ಗಿರಣಿ ಹಿಡಿದವಳು. ಎತ್ತರದ ಆಳು, ಹುಬ್ಬಿನ ಮೇಲೆ ಸದಾ ಹಿಟ್ಟು, ಸೆರಗನ್ನು ಮೂಗಿನ ಮೇಲೆ ಬಿಗಿದು ಕಟ್ಟಿದ್ದು. ಮುಖದಲ್ಲಿ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ, ಅವು ನಮ್ಮ ಬಾಯಿಯ ಮೇಲೇ ಇರುತ್ತಿದ್ದವು. ಕೆಲಸದಲ್ಲಿ ಭಾರಿ ಜಾಣೆ ಎಂದೇನಲ್ಲ. ಗೋವಿನಜೋಳ ಬೀಸಿದ ಕಲ್ಲಿಗೇ ನಮ್ಮ ಬಿಳಿಜೋಳ ಸುರಿದು, ಮೊದಲ ಎರಡು ಮುಷ್ಟಿ ಹಿಟ್ಟು ಹಳದಿ ಬಂದರೂ ಕಾಣದವಳಂತೆ ಇರುತ್ತಿದ್ದಳು. ಬೈದರೆ, "ರೊಟ್ಟಿ ಆದ ಮ್ಯಾಲೆ ಎಲ್ಲಾ ಒಂದ ಬಣ್ಣಾರೀ" ಎಂದು ಡಬ್ಬಿ ಮುಂದೆ ದೂಡುವಳು.

ಎಲ್ಲಕ್ಕಿಂತ ಸಿಟ್ಟು ಬರುತ್ತಿದ್ದದ್ದು ಆಕೆಯ ಒಂದು ಪದ್ಧತಿಗೆ. ಗಿರಣಿ ನಡೆದಿರುವಾಗ ಯಾರಾದರೂ ಹತ್ತಿರ ಬಂದು ತಮ್ಮ ಮನೆಯದೇನೋ ಹೇಳತೊಡಗಿದರೆ, ಕಾಳು ಸುರಿಯುವ ಡಬ್ಬಿಯ ಬಾಯಿ ಮುಚ್ಚಿ ಸ್ವಿಚ್ ಕೆಳಗೆಳೆದುಬಿಡುವಳು. ಮೋಟರಿನ ಪಟ್ಟಾ ಸುತ್ತಿ ಸುತ್ತಿ ನಿಲ್ಲುವ ತನಕ ಬಾಯಿ ಬಿಡಬೇಡ ಎಂದು ಕೈ ಎತ್ತಿ ತೋರಿಸುವಳು. ಆಮೇಲೆ ಪಾಳಿಯಲ್ಲಿ ನಿಂತ ನಮ್ಮ ಕಡೆ ತಿರುಗಿ, "ಎಲ್ಲಾರೂ ಸ್ವಲ್ಪ ಹೊರಗ ನಡೀರಿ" ಎನ್ನುವಳು. ಹದಿನೈದು ಡಬ್ಬಿ ಪಾಳಿಯಲ್ಲಿದ್ದರೂ ಅಷ್ಟೆ, ಕರೆಂಟ್ ಹೋಗುವ ಹೊತ್ತಾಗಿದ್ದರೂ ಅಷ್ಟೆ. ನಾವು ಕಟ್ಟೆಯ ಮೇಲೆ ಬಿಸಿಲು ಕಾಯುತ್ತ ಕೂಡಬೇಕು. ಒಳಗೆ ಆಕೆ ಬೋರಲು ಹಾಕಿದ ಡಬ್ಬಿಯ ಮೇಲೆ ಕೂತು, ಎದುರಿಗಿದ್ದವರಿಗೆ "ಈಗ ಹೇಳು" ಎನ್ನುವಳು. ಕರೆಂಟಿನ ಹಾಗೆ ಈ ನಿಲುಗಡೆಯೂ ಓಣಿಯವರಿಗೆ ಒಗ್ಗಿಹೋಗಿತ್ತು. ನನಗೆ ಒಗ್ಗಲಿಲ್ಲ.

ಒಮ್ಮೆ ಬಾಗಿಲ ಸಂದಿಯಿಂದ ನೋಡಿದ್ದೇನೆ. ಮುಶಿಗೇರಿಯಿಂದ ಕೂಲಿಗೆ ಬರುವ ಹೆಂಗಸೊಬ್ಬಳು ಮಗಳ ಸಂಸಾರದ ಗೋಳು ಹೇಳುತ್ತಿದ್ದಳು. ಆಕೆ ಎರಡು ವಾಕ್ಯ ಹೇಳುವುದರೊಳಗೆ ನನಗೆ ಮೂರು ಪರಿಹಾರ ಹೊಳೆದಿದ್ದವು. ಚಾಚಿಯದೋ, ಒಂದು ಸಮಾಧಾನದ ಮಾತಿಲ್ಲ, ಉಪದೇಶವಿಲ್ಲ, ಹೂಂಗುಟ್ಟುವುದೂ ಇಲ್ಲ. ಆ ಹೆಂಗಸು ಮಾತು ನಿಲ್ಲಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ?" ಎನ್ನುವಳು. ಅಷ್ಟಕ್ಕೇ ಇನ್ನೊಂದು ಗಂಟು ಬಿಚ್ಚಿಕೊಳ್ಳುವುದು. ಅರ್ಧ ತಾಸಾದ ಮೇಲೆ, "ಹೇಳೂದ ಆತಾ?" ಎಂದು ಕೇಳಿ, ಆಕೆ ಹೂಂ ಎಂದೊಡನೆ ಎದ್ದು ಸ್ವಿಚ್ ಮೇಲೆತ್ತಿದಳು. ಮುಶಿಗೇರಿಯವಳು ಮುಖ ಒರೆಸಿಕೊಂಡು, ಏನೋ ಸಿಕ್ಕಿತೆಂಬಂತೆ ಹೋದಳು. ಏನು ಸಿಕ್ಕಿತು? ಎರಡು ಸಲ "ಮತ್ತ?" ಎಂದದ್ದಕ್ಕೆ ಇಷ್ಟು ಹೆಸರೇ ಎಂದು ನನಗೆ ಹೊಟ್ಟೆ ಉರಿಯಿತು.

ನಾನೂ ಒಮ್ಮೆ ಪ್ರಯತ್ನಿಸಿದೆ. ನಮ್ಮ ಹೆಡ್‌ಮಾಸ್ತರರ ಮನೆಯ ಒಂದು ಸ್ವಾರಸ್ಯದ ಜಗಳವಿತ್ತು, ಅದನ್ನು ಹೇಳತೊಡಗಿದೆ. ಆಕೆ ಗಿರಣಿ ನಿಲ್ಲಿಸಿದಳು, ನನಗೆ ಹೆಮ್ಮೆಯೆನಿಸಿತು. ಎರಡು ನಿಮಿಷ ಕೇಳಿ, "ಮಾಸ್ತರ, ಇದು ನಿಮ್ಮ ಮಾತೋ, ಅವರ ಮಾತೋ?" ಎಂದಳು.

"ಅವರದ. ಆದ್ರ ಮುಂದ ಕೇಳು, ಭಾಳ ಮಜಾ ಐತಿ."

"ಅವರದಾದ್ರ ಅವರ ಬಂದು ಹೇಳಲಿ ಬಿಡ್ರಿ" ಎಂದು ಸ್ವಿಚ್ ಮೇಲೆತ್ತಿದಳು. ನನ್ನ ಬಾಯಿ ತೆರೆದೇ ಇತ್ತು, ಅದರೊಳಗೆ ಹಿಟ್ಟು ಹೋಯಿತು. ರೋಣ ತಾಲೂಕಿನ ಯಾವ ವೇದಿಕೆಯಲ್ಲೂ ನನ್ನ ಮಾತನ್ನು ಯಾರೂ ಹೀಗೆ ಕತ್ತರಿಸಿರಲಿಲ್ಲ. ಅಂದಿನಿಂದ ಗಿರಣಿಗೆ ಹೋಗುವ ಕೆಲಸ ಪೂರ್ತಿ ನನ್ನ ಹೆಂಡತಿಯದಾಯಿತು. ತುಂಬಿದ ಡಬ್ಬಿ ಎತ್ತಿಕೊಂಡು ಬರಲು ಮಾತ್ರ ನಾನು ಹೋಗುತ್ತಿದ್ದೆ.

ನಮಗೆ ಮಕ್ಕಳಿಲ್ಲ. ಇಬ್ಬರೇ ಇರುವ ಮನೆ ಬೇಗ ಭಣಗುಟ್ಟುತ್ತದೆ, ಅದಕ್ಕೇ ನಾನು ಮನೆಯಲ್ಲೂ ಮಾತಾಡುತ್ತಲೇ ಇರುತ್ತಿದ್ದೆ. ಹೆಂಡತಿ ಕೇಳುತ್ತಿದ್ದಳು. ನಮ್ಮದು ಸುಖದ ಸಂಸಾರವೆಂದೇ ನಾನು ತಿಳಿದಿದ್ದೆ. ವಾರಕ್ಕೊಮ್ಮೆ ಹಿಟ್ಟು ಬೀಸಿಸಲು ಹೋದವಳು ಎರಡು ತಾಸಾದರೂ ಬರದಿದ್ದಾಗ, ಪಾಳಿ ದೊಡ್ಡದಿರಬೇಕು ಎಂದುಕೊಳ್ಳುತ್ತಿದ್ದೆ. ಅಲ್ಲಿ ಆಕೆಯದೇ ಪಾಳಿ ನಡೆದಿರುತ್ತಿತ್ತೆಂದು ನನಗೇನು ಗೊತ್ತು?

ನಾನು ನಿವೃತ್ತನಾದ ಎರಡನೆಯ ವರ್ಷದ ಮಳೆಗಾಲ. ಡಬ್ಬಿ ತರಲು ಹೋಗಿದ್ದೆ. ಗಿರಣಿ ಗುಡುಗುತ್ತಿತ್ತು, ಹೆಂಡತಿ ಬಾಗಿಲ ಬಳಿ ನಿಂತಿದ್ದಳು. ನಾನು ಡಬ್ಬಿಗೆ ಕೈಹಾಕಿದಾಗ ಆಕೆ ನನ್ನ ತೋಳು ಹಿಡಿದು ಏನೋ ಹೇಳಿದಳು. ಅಷ್ಟರಲ್ಲಿ ಗಿರಣಿ ಗಕ್ಕನೆ ನಿಂತಿತು. ಚಾಚಿ ಎದ್ದು ಪಾಳಿಯವರಿಗೆಲ್ಲ ಹೊರಗೆ ಹೋಗುವಂತೆ ಕೈಮಾಡುತ್ತಿದ್ದಳು. ನನಗೆ ರೇಗಿತು. ನರಗುಂದದಲ್ಲಿ ಸಂಜೆ ಒಬ್ಬರ ಬೀಳ್ಕೊಡುಗೆ ಸಮಾರಂಭ, ನಾನೇ ಮುಖ್ಯ ಭಾಷಣಕಾರ, ಬಸ್ಸಿನ ಹೊತ್ತಾಗಿತ್ತು. "ಏನ್ ಚಾಚಿ ಇದು? ಇಷ್ಟ ಮಂದಿ ನಿಂತಾರ, ಕರೆಂಟ್ ಯಾವಾಗ ಹೋಗತೈತೋ ಗೊತ್ತಿಲ್ಲ. ಹಿಂಗ ಬಂದ್ ಮಾಡ್ಕೋತ ಕುಂತ್ರ ಗಿರಣಿ ಯಾಕ ಇಟ್ಟೀದಿ?" ಎಂದು ಕೂಗಿದೆ. ಕೂಗಿದ ಭರದಲ್ಲೇ ಹೆಂಡತಿಯ ಕಡೆ ತಿರುಗಿ, "ಹೂಂ, ಹಂಗ ಮಾಡು" ಎಂದು ಡಬ್ಬಿ ಹೊತ್ತು ನಡೆದೆ. ಇಬ್ಬರೂ ನನ್ನ ಬೆನ್ನು ನೋಡುತ್ತಿದ್ದರೇನೋ, ನಾನು ತಿರುಗಲಿಲ್ಲ. ಅವತ್ತಿನ ಭಾಷಣ ಚೆನ್ನಾಗಿಯೇ ಆಯಿತು.

ನಾಲ್ಕು ದಿನ ಬಿಟ್ಟು ಹೆಂಡತಿ ತವರಿಗೆ ಹೋದಳು. ತವರು ಕೊಣ್ಣೂರು, ನರಗುಂದ ತಾಲೂಕಿನಲ್ಲಿ ಮಲಪ್ರಭೆಯ ದಂಡೆಗೆ. ತಮ್ಮನ ಮನೆಯಲ್ಲಿ ಏನೋ ಕಾರ್ಯವಿದೆ ಎಂದು ನಾನೇ ಊಹಿಸಿಕೊಂಡೆ. ಆ ವಾರ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟು ಹೊಳೆ ತುಂಬಿತು. ಆಕೆಯ ಫೋನು ಬಂತು. "ಹೊಳಿ ಬಂದೈತ್ರಿ. ಬ್ರಿಜ್ಜಿನ ಮ್ಯಾಲ ನೀರ ಐತಿ. ನಾಕ ದಿನ ಮುಂದ ಹೋತು" ಎಂದಳು. "ಆತ ಆತು, ನೀರ ಇಳೀಲಿ, ಅವಸರೇನಿಲ್ಲ" ಎಂದು ಹೇಳಿ, ಹಿಂದೊಮ್ಮೆ ಹೊಳೆ ಬಂದಾಗ ನಾನು ಪರಿಹಾರ ಕೇಂದ್ರದಲ್ಲಿ ಮಾಡಿದ ಕೆಲಸದ ಕಥೆ ಹೇಳಿದೆ. ಕಥೆ ಮುಗಿಯುವ ಮೊದಲೇ ಫೋನು ಕಟ್ಟಾಗಿತ್ತು.

ನೀರು ಇಳಿಯಿತೆಂದು ಪೇಪರಿನಲ್ಲಿ ಬಂತು. ಹೆಂಡತಿ ಬರಲಿಲ್ಲ. ಫೋನು ಎತ್ತಲಿಲ್ಲ. ಒಮ್ಮೆ ತಮ್ಮ ಎತ್ತಿ, "ಮಲಗ್ಯಾಳ್ರಿ" ಎಂದು ಇಟ್ಟುಬಿಟ್ಟ. ಐದು ದಿನವಾಯಿತು, ಹತ್ತು ದಿನವಾಯಿತು. ಅನ್ನ ಬೇಯಿಸಿಕೊಂಡು ಉಂಡೆ, ಗೋಡೆಯೊಂದಿಗೆ ಮಾತಾಡಿದೆ. ಹೆಂಡತಿ ನನ್ನನ್ನು ಬಿಟ್ಟಳು ಎಂಬ ಯೋಚನೆ ಬಂತು, ಯಾಕೆಂದು ಹೊಳೆಯಲಿಲ್ಲ. ಯಾರು ಬಿಡಿಸಿದ್ದು ಎಂಬುದಕ್ಕೆ ಮಾತ್ರ ನನ್ನಲ್ಲಿ ಉತ್ತರ ತಯಾರಿತ್ತು. ಎದ್ದು ಗಿರಣಿಗೆ ಹೋದೆ.

"ನನ್ನ ಹೆಂಡ್ತಿ ತಲಿಯಾಗ ಏನ್ ತುಂಬೀದಿ ನೀನು?" ಎಂದು ಬಾಗಿಲಲ್ಲೇ ಅಬ್ಬರಿಸಿದೆ.

ಆಕೆ ಕಾಳಿನ ಡಬ್ಬಿಯ ಬಾಯಿ ಮುಚ್ಚಿದಳು, ಸ್ವಿಚ್ ಎಳೆದಳು, ಕೈ ಎತ್ತಿದಳು. ಪಟ್ಟಾ ನಿಂತಿತು. "ಮಾಸ್ತರ, ಮಂದೀನ ಹೊರಗ ಕಳಸ್ಲೇನ್ರಿ?"

"ಯಾಕ? ಎಲ್ಲಾರೂ ಕೇಳ್ಲಿ!"

ನನ್ನ ಕೇಡು, ಆ ಮಾತು ನನ್ನದೇ. ಮಾತಾಡಿದೆ. ಸಂಸಾರ ಒಡೆಯುವವರ ಬಗ್ಗೆ, ಬೇರೆಯವರ ಮನೆಯ ಗುಟ್ಟು ಕೇಳುವ ಚಟದ ಬಗ್ಗೆ, ಹತ್ತು ನಿಮಿಷ ತಡವರಿಸದೆ ಮಾತಾಡಿದೆ. ಆಕೆ ಡಬ್ಬಿಯ ಮೇಲೆ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ನಿಲ್ಲಿಸಿದೆ. ಆಕೆ ಕಾದಳು. "ಮತ್ತ?" ಎಂದಳು. ಇನ್ನೈದು ನಿಮಿಷ ಬೈದೆ. "ಮತ್ತ?" ಎಂದಳು. ನನ್ನ ಹತ್ತಿರ ಬೈಗುಳ ಮುಗಿದಿತ್ತು. ಆಕೆ ಸುಮ್ಮನಿದ್ದಳು, ಪಾಳಿಯವರು ಸುಮ್ಮನಿದ್ದರು, ಸುಮ್ಮನಿರುವುದು ನನಗೆ ಮಾತ್ರ ಬರುತ್ತಿರಲಿಲ್ಲ. ಆ ಖಾಲಿ ಹೊತ್ತಿನಲ್ಲಿ ನನ್ನ ಬಾಯಿಂದ ತಾನಾಗಿಯೇ ಬಂತು: "ಆಕಿ ತಿರುಗಿ ಬರೂದಿಲ್ಲೇನೋ ಅಂತ ಅಂಜಿಕಿ ಆಗೇತಿ, ಚಾಚಿ. ಮನಿಯಾಗ ಒಬ್ಬನ ಇರಾಕ ಆಗವಲ್ದು."

ಹದಿನೈದು ಮಂದಿಯ ಎದುರು ಅಂದೆ. ನನ್ನ ಶಿಷ್ಯರ ತಾಯಂದಿರೂ ಇದ್ದರು ಅವರಲ್ಲಿ. ಆ ಹೆಂಗಸು ನನ್ನ ಹೊಟ್ಟೆಯೊಳಗೆ ಕೈಹಾಕಿ ಅದನ್ನು ಹೊರತೆಗೆದಳು, ಅದನ್ನು ನಾನು ಇವತ್ತಿಗೂ ಮರೆತಿಲ್ಲ.

"ಫೋನಿನ್ಯಾಗ ಏನಂದ್ಲ್ರಿ ಆಕಿ?" ಎಂದು ಕೇಳಿದಳು.

"ಬ್ರಿಜ್ಜಿನ ಮ್ಯಾಲ ನೀರ ಐತಿ, ನಾಕ ದಿನ ಮುಂದ ಹೋತು ಅಂದ್ಲು."

"ಏನ ಮುಂದ ಹೋತು?"

"ಬರೂದು."

"ಬರೂದು ಅಂತ ಆಕಿ ಅಂದ್ಲಾ?"

ನಾನು ನೆನಪಿಸಿಕೊಳ್ಳಲು ನೋಡಿದೆ. ಆಕೆಯ ಮಾತಿನ ನಂತರ ನಾನು ಹೇಳಿದ ಕಥೆ ಅಕ್ಷರಕ್ಕೆ ಅಕ್ಷರ ನೆನಪಿತ್ತು. ಆಕೆ ಅಂದದ್ದು ಅಷ್ಟೇ, 'ಬರೂದು' ಎಂಬುದು ಅದರಲ್ಲಿರಲಿಲ್ಲ.

"ಇಲ್ಲಿಂದ ಕೊಣ್ಣೂರಿಗೆ ಹೋಗಾಕ ಬ್ರಿಜ್ ಎಲ್ಲಿ ದಾಟ್ತೀರಿ, ಮಾಸ್ತರ?"

ಎಲ್ಲೂ ಇಲ್ಲ. ರೋಣ, ನರಗುಂದ, ಆಮೇಲೆ ನೇರ ಕೊಣ್ಣೂರು. ಸೇತುವೆ ಇರುವುದು ಊರಿನ ಆಚೆ. ಅದನ್ನು ದಾಟಿದರೆ ಬಾಗಲಕೋಟೆಯ ದಾರಿ. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಮಲಪ್ರಭೆಯ ಗೆರೆ ಎಳೆದು, ಊರುಗಳನ್ನು ಗುರುತಿಸಿ, ತಪ್ಪಿಟ್ಟ ಹುಡುಗರ ಕಿವಿ ಹಿಂಡಿದವನು ನಾನು. ಆ ಊರಿಗೆ ಮೂವತ್ತೆರಡು ವರ್ಷದಿಂದ ಅಳಿಯ. ಪಾಳಿಯಲ್ಲಿ ಯಾರೋ ಕಿಸಕ್ಕೆಂದರು.

"ಬಾಗಲಕೋಟ್ಯಾಗ ಏನೈತಿ?" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಅದನ್ನ ನಾ ಹೇಳಂಗಿಲ್ರಿ. ಆಕಿ ಮಾತು ಆಕಿದು. ನಿಮಗ ಹೇಳ್ಯಾಳ, ನನ್ನ ಎದುರಿಗೇ ಹೇಳ್ಯಾಳ. ಹೋಗಿ ಕೇಳ್ರಿ. ಕೇಳೂ ಮುಂದ ಬಾಯಿ ಮುಚ್ಚಿಕೊಂಡು ಕೂಡ್ರಿ." ಆಮೇಲೆ ಎಲ್ಲರನ್ನೂ ಕೇಳುವಂತೆಯೇ ನನ್ನನ್ನೂ ಕೇಳಿದಳು: "ಹೇಳೂದ ಆತಾ?"

ಸಂಜೆಯ ಹೊತ್ತಿಗೆ ಕೊಣ್ಣೂರಿನಲ್ಲಿದ್ದೆ. ಹೊಳೆ ಬಿಟ್ಟುಹೋದ ರಾಡಿ ಇನ್ನೂ ಹೊಲಗಳಲ್ಲಿತ್ತು, ಗೋವಿನಜೋಳ ನಿಂತಲ್ಲೇ ಕೊಳೆತು ನಾರುತ್ತಿತ್ತು. ಬಾಗಿಲಲ್ಲಿ ಹೆಂಡತಿಯ ತಮ್ಮ ನಿಂತಿದ್ದ. "ಈಗ ಬಂದ್ರ್ಯಾ ಮಾವಾರ? ಆಪರೇಷನ್ ದಿನಾ ಪೂರ್ತಿ ನಿಮ್ಮ ದಾರಿ ನೋಡಿದ್ವಿ. 'ಅವರಿಗೆ ಹೇಳೀನಿ, ಬರ್ತಾರ' ಅಂತನ ಅನ್ಕೋತ ಒಳಗ ಹೋದ್ಲು ಅಕ್ಕ" ಎಂದ.

ಹೆಂಡತಿ ಒಳಗೆ ಹಗ್ಗದ ಹೊರಸಿನ ಮೇಲೆ ಗೋಡೆಗೆ ಒರಗಿದ್ದಳು. ಹೊಟ್ಟೆಯ ಮೇಲೆ ಬಿಗಿದ ಪಟ್ಟಿ ಸೀರೆಯೊಳಗೂ ಕಾಣುತ್ತಿತ್ತು. ಅರ್ಧ ಮೈ ಇಳಿದುಹೋಗಿತ್ತು. 'ನನಗ ಯಾಕ ಹೇಳಲಿಲ್ಲ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಹೊರಸಿನ ಪಕ್ಕ ನೆಲದ ಮೇಲೆ ಕೂತೆ.

ನಾನು ಏನಾದರೂ ಶುರುಮಾಡುತ್ತೇನೆಂದು ಆಕೆ ಕಾಯುತ್ತಿದ್ದಳು. ಮಾಡಲಿಲ್ಲ. ಆಗ ನಿಧಾನವಾಗಿ ಹೇಳಿದಳು. "ಆರ ತಿಂಗಳಿಂದ ರಕ್ತ ಹೋಗತಿತ್ತ್ರಿ. ಗಡ್ಡಿ ಆಗ್ಯಾವ, ಗರ್ಭಚೀಲಾನ ತಗೀಬೇಕು ಅಂದ್ರು. ನಿಮಗ ಹೇಳಾಕ ಬಂದೆ. ಹೊಟ್ಟಿ ನೋವು ಅನ್ನೂದ್ರಾಗ, ನಮ್ಮ ಹೆಡ್‌ಮಾಸ್ತರ ಹೆಂಡತಿಗೆ ಹಿಂಗ ಆಗಿತ್ತು ಅಂತ ಚಾಲೂ ಮಾಡಿದ್ರಿ. ಅನ್ನ ಆರಿ ಹೋತು, ನಿಮ್ಮ ಮಾತ ಮುಗೀಲಿಲ್ಲ. ಮತ್ತೊಂದ ದಿನಾ ಹೇಳಿದೆ, ಭಾಷಣ ಬರಕೋತ ಕುಂತಿದ್ರಿ, ತಲಿ ಅಳ್ಳಾಡಿಸಿದ್ರಿ. ಗಿರಣಿಯಾಗ ತೋಳ ಹಿಡದು ಹೇಳಿದೆ, ತಾರೀಖು ಕೊಟ್ಟಾರ, ನೀವೂ ಬರ್ರಿ ಅಂತ. ನಿಮಗ ಕೇಳ್ಲಿ ಅಂತ ಚಾಚಿ ಗಿರಣಿ ಬಂದ್ ಮಾಡಿದ್ಲು. ನೀವ ಆಕೀನ ಬೈದು, ಹಂಗ ಮಾಡು ಅಂದು ಹೋದ್ರಿ."

ನನ್ನ ಕಿವಿ ಬಿಸಿಯಾಗಿತ್ತು. ಕೆಲಸ ಇತ್ತು, ಗದ್ದಲ ಇತ್ತು, ನೀನು ಜೋರಾಗಿ ಹೇಳಬೇಕಿತ್ತು. ಇಂಥ ಏಳೆಂಟು ಸಮಜಾಯಿಷಿ ಒಟ್ಟಿಗೇ ಬಂದು ಹಲ್ಲಿನ ಹಿಂದೆ ನಿಂತವು. ಹಲ್ಲು ಕಚ್ಚಿದೆ.

"ಜೀವಮಾನದಾಗ ಒಂದಿನಾನೂ ಉಪಯೋಗಕ್ಕ ಬರಲಾರದ್ದು, ಹೋದ್ರ ಹೋಗವಲ್ದ್ಯಾಕ ಅಂತ ನಾನ ಅನ್ಕೊಂಡಿದ್ದೆ" ಎಂದಳು. "ತಗದ ಮ್ಯಾಲೆ ಅಳು ಬಂತ್ರಿ. ನಿಲ್ಲಲೇ ಇಲ್ಲ. ಯಾಕ ಬಂತು ನನಗೂ ಗೊತ್ತಿಲ್ಲ."

ಅಳಬೇಡ, ಎಲ್ಲ ದೇವರ ಇಚ್ಛೆ, ಮಕ್ಕಳಿದ್ದವರು ಏನು ಸುಖವಾಗಿದ್ದಾರೆ. ಮೂವತ್ತೆರಡು ವರ್ಷ ಈ ಮೂರನ್ನೇ ತಿರುಗಿಸಿ ತಿರುಗಿಸಿ ಹೇಳಿ ಆಕೆಯ ಬಾಯಿ ಮುಚ್ಚಿಸಿದ್ದೆ. ಈಗ ಬೇರೆ ಮಾತು ಹುಡುಕಿದೆ. ನನ್ನ ಅಷ್ಟು ಭಾಷಣಗಳಲ್ಲಿ ಒಂದು ಶಬ್ದ ಸಿಗಲಿಲ್ಲ. ಕೊನೆಗೆ ಬಾಯಿಂದ ಹೊರಟದ್ದು "ಮತ್ತ?" ಎಂಬುದು. ಅದನ್ನೂ ಆ ಗಿರಣಿ ಹೆಂಗಸಿನಿಂದಲೇ ಎತ್ತಿಕೊಂಡು ಬರಬೇಕಾಯಿತಲ್ಲ ಎಂದು ಆ ದುಃಖದಲ್ಲೂ ನನಗೆ ಉರಿಯಿತು.

ಹೆಂಡತಿ ನನ್ನ ಮುಖ ನೋಡಿದಳು. ಆಮೇಲೆ ಹೊರಗೆ ದೀಪ ಹಚ್ಚುವ ತನಕ ಹೇಳಿದಳು.

ಎರಡು ತಿಂಗಳ ಮೇಲೆ ಮನೆಗೆ ಬಂದಳು. ನಾನು ಕೇಳುವುದನ್ನು ಕಲಿತೆ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಕಲಿತದ್ದು ಅರ್ಧಂಬರ್ಧ. ಎದುರಿನವರ ಮಾತು ನಿಂತ ಮೇಲೆ ಒಂದು ಗುಟುಕು ಉಗುಳು ನುಂಗುತ್ತೇನೆ, ಆಮೇಲೆ ಬಾಯಿ ತೆರೆಯುತ್ತೇನೆ. ಆ ಗುಟುಕಿನಷ್ಟು ಹೊತ್ತಿನಲ್ಲಿ ಹತ್ತರಲ್ಲಿ ಆರು ಮಂದಿ ಮತ್ತೇನನ್ನೋ ಹೇಳುತ್ತಾರೆ, ಮೊದಲು ಹೇಳಿದ್ದಕ್ಕಿಂತ ಅದೇ ದೊಡ್ಡದಿರುತ್ತದೆ. ಪ್ರಶ್ನೆ ಕೇಳುವುದಾದರೆ ಅವರ ಮಾತಿನ ಮೇಲೆಯೇ ಕೇಳುತ್ತೇನೆ, ನನ್ನ ಕಥೆಗೆ ದಾರಿ ಮಾಡಿಕೊಳ್ಳಲು ಅಲ್ಲ. ಹಳೆಯ ಗೆಳೆಯರು "ಮೈಕ್ ಕೆಟ್ಟೈತೇನ್ರಿ ಸರ್?" ಎಂದು ನಗುತ್ತಾರೆ. ಹಲವು ಸಲ ಮರೆತು ಹಳೆಯ ದಾರಿಗೇ ಬಿದ್ದಿದ್ದೇನೆ.

ಚಾಚಿಗೆ ನಾನು ಉಪಕಾರ ಸ್ಮರಿಸಲಿಲ್ಲ. ಆಕೆಯೂ ಆ ದಿನದ ಮಾತು ಎತ್ತಲಿಲ್ಲ. ಮುಂದಿನ ವಾರ ಹೋದಾಗ, "ಡಬ್ಬಿ ಅಲ್ಲಿಡ್ರಿ" ಎಂದಳು, ಅಷ್ಟೆ. ಒಂದು ಕುಹಕದ ನಗೆಯಾದರೂ ನಕ್ಕಿದ್ದರೆ ನಾನು ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ. ಆ ಅವಕಾಶವನ್ನೂ ಕೊಡಲಿಲ್ಲ.

ನನ್ನ ಹೆಂಡತಿ ಗಿರಣಿಗೆ ಹೋಗುವುದನ್ನು ಬಿಡಲಿಲ್ಲ. ಮನೆಯಲ್ಲಿ ನಾನು ಬಾಯಿ ಮುಚ್ಚಿ ಕೂತರೆ ಕಾಯಿಪಲ್ಲೆಯ ಸುದ್ದಿ ಹೇಳುವಳು, ತಮ್ಮನ ಮನೆಯ ಸುದ್ದಿ ಹೇಳುವಳು. ಒಳಗಿನದು ಇದ್ದರೆ ಅದು ಗಿರಣಿಗೆ. ಎರಡು ತಾಸು ಕಳೆದು, ಕಣ್ಣು ಕೆಂಪಾಗಿ, ಮೈ ಹಗುರಾಗಿ ಬರುತ್ತಿದ್ದಳು. ಕೇಳುವುದಕ್ಕೆ ನಾನು ತಯಾರಾಗಿ ಕೂತಿದ್ದೆ, ಹೇಳುವವಳಿಗೆ ಬೇರೆ ಜಾಗ ರೂಢಿಯಾಗಿತ್ತು. ನನಗೆ ಚಾಚಿಯ ಮೇಲಿದ್ದ ದ್ವೇಷ ಆ ವರ್ಷಗಳಲ್ಲಿ ಕಡಿಮೆಯಾಗಲಿಲ್ಲ, ಬೆಳೆಯಿತು. ಬೇರೆಯವರ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕದವಳು ಎಂದು ಊರು ಹೊಗಳುತ್ತದೆ. ಖರೇ. ನನ್ನ ಮನೆಯ ಇಪ್ಪತ್ತು ವರ್ಷದ ಮಾತು ಆಕೆಯ ಹತ್ತಿರವಿತ್ತು, ಒಂದಕ್ಷರ ಬಿಟ್ಟುಕೊಡದೆ ತನ್ನೊಂದಿಗೆ ಮಣ್ಣಿಗೆ ಒಯ್ದಳು. ಇದನ್ನು ದೊಡ್ಡ ಗುಣ ಎಂದು ಹೊಗಳಲು ನನ್ನಿಂದ ಆಗದು.

ಮೊನ್ನೆ ಸಂಜೆ ಹೆಂಡತಿ ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಹೋಗಿ ಪಕ್ಕಕ್ಕೆ ಕೂತೆ. ಅರ್ಧ ತಾಸು ಬಾಯಿ ಬಿಡಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಇಷ್ಟ ವರ್ಷ ಚಾಚಿ ಮುಂದ ಏನೇನ್ ಹೇಳ್ತಿದ್ದಿ? ನನಗೂ ಹೇಳು. ಎಷ್ಟ ಹೊತ್ತಾದ್ರೂ ಕೇಳ್ತೇನಿ. ನಡುವ ಮಾತಾಡೂದಿಲ್ಲ."

ಮನಸ್ಸಿನಿಂದ ಕೇಳಿದ್ದೆ. ಅದು ಆಕೆಗೂ ತಿಳಿಯಿತು, ಅದಕ್ಕೇ ಸಿಟ್ಟು ಮಾಡಲಿಲ್ಲ. ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಅವೆಲ್ಲಾ ಹೇಳಿ ಮುಗದಾವ್ರಿ" ಎಂದಳು.